ದೊಡ್ಡತ್ತೆಯ ಫೋನ್ ಕಂಪನಿ

ಒಂದು ಮೊಬೈಲ್ ಕಂಪನಿಯ ಏಳುಬೀಳಿನ ಬಗ್ಗೆ ಅದರ ಮಾಲೀಕನಿಗಿಂತ ಹೆಚ್ಚು ಹೊಟ್ಟೆ ಉರಿಸಿಕೊಂಡವರು ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ಭಾರತೀನಗರದ ನಮ್ಮ ದೊಡ್ಡತ್ತೆ. ಪಾಪ, ಆ ಮಾಲೀಕನಿಗೆ ಈ ವಿಷಯ ಗೊತ್ತಿಲ್ಲ. ಗೊತ್ತಾದರೆ ಲಾಭದಲ್ಲಿ ಪಾಲು ಕೊಡುತ್ತಾನೋ, ಅಂಗಡಿ ಮುಚ್ಚಿ ಓಡುತ್ತಾನೋ ಹೇಳಲಾರೆ! ಕಂಪನಿಯ ಹೆಸರನ್ನಂತೂ ನಾನು ಹೇಳುವುದಿಲ್ಲ. ಹೇಳಿದರೆ ಜಾಹೀರಾತಾಯಿತು. ಹೇಳದಿದ್ದರೆ ಪಕ್ಷಪಾತವಾಯಿತು, ಎದುರು ಪಾರ್ಟಿಯವರು ನನಗೆ ಟೀ ಕುಡಿಸಿದ್ದಾರೆ ಎಂದಾಯಿತು. ಎರಡನೆಯದನ್ನೇ ಸಹಿಸಿಕೊಳ್ಳುತ್ತೇನೆ.

ದೊಡ್ಡತ್ತೆ ಎಂದರೆ ನಮ್ಮಪ್ಪನ ಅಕ್ಕ. ಕಬ್ಬಿನ ಗದ್ದೆಗೆ ನೀರು ಬಿಡಿಸುವುದು, ಆಳುಗಳನ್ನು ಕರೆಯುವುದು, ಫ್ಯಾಕ್ಟರಿಯವರನ್ನು ಬೈಯುವುದು, ಎಲ್ಲವೂ ಅವರ ಆ ಕಂಪನಿಯ ಫೋನಿನಿಂದಲೇ. ಅದು ಒಮ್ಮೆ ಕಾಲುವೆಗೆ ಬಿದ್ದು, ಅಕ್ಕಿ ಡಬ್ಬದಲ್ಲಿ ಮಲಗಿ, ಎದ್ದು ಬಂದು ಮಾತಾಡಿತಂತೆ. ಅಂದಿನಿಂದ ಅದು ಫೋನಲ್ಲ, ಮನೆಮಗ.

ಒಂದು ಬೆಳಿಗ್ಗೆ ಪೇಪರಿನಲ್ಲಿ ಸುದ್ದಿ ಬಂತು. ಮಾರುಕಟ್ಟೆಯಲ್ಲಿ ದೊಡ್ಡತ್ತೆಯ ಕಂಪನಿ ಕೆಳಕ್ಕೆ ಜಾರಿದೆ, ಎದುರು ಕಂಪನಿ ಮೇಲಕ್ಕೆ ಏರಿದೆ. ಅಷ್ಟೇ! ದೊಡ್ಡತ್ತೆ ಕಾಫಿಯನ್ನೂ ಮುಗಿಸದೆ ಮಂಡ್ಯದ ಪೇಪರ್ ಆಫೀಸಿಗೆ ಫೋನು ಹಚ್ಚಿದರು.

"ರೀ ಸ್ವಾಮಿ, ಯಾರ್ನ ಕೇಳ್ಬುಟ್ಟು ಬರುದ್ರಿ ಇದ್ನ? ನನ್ನ ಕೇಳುದ್ರಾ? ನಮ್ ಬೀದಿಲಿ ಒಬ್ರುನ್ನಾದ್ರೂ ಕೇಳುದ್ರಾ?"

"ಅಮ್ಮಾ, ಅದು ನಾವು ಬರೆದಿದ್ದಲ್ಲ. ಏಜೆನ್ಸಿಯಿಂದ ಬಂದದ್ದು."

"ಆ ಏಜೆನ್ಸಿಯೋನ್ ನಂಬರ್ ಕೊಡಿ ಮತ್ತೆ!"

ಆತ ಫೋನಿಟ್ಟ. ದೊಡ್ಡತ್ತೆ ಬಿಡುವವರೇ? ಪೇಪರನ್ನು ತಿರುಗಿಸಿ ನನ್ನ ಮೂಗಿಗೆ ಹಿಡಿದರು. ಮುಖಪುಟದ ತುಂಬ ಎದುರು ಕಂಪನಿಯ ಜಾಹೀರಾತು!

"ನೋಡ್ಲಾ, ಇವ್ರ್ ಮನೇಲಿ ಉಂಡ್ಬುಟ್ಟು ಸಾರು ಚೆನ್ನಾಗಿಲ್ಲ ಅಂತ ಬರುದಾರ ಅವ್ರು?"

ನನಗೆ ಮೊದಲು ನಗುವೇ ಬಂತು. ಆದರೆ ಆಮೇಲೆ ನಾನೂ ಗಮನಿಸಿದೆ. ಎದುರು ಕಂಪನಿಯ ಫೋನು ಕಾದರೆ 'ಕೊಂಚ ಬೆಚ್ಚಗಾಗುತ್ತದೆ' ಎನ್ನುತ್ತಾರೆ. ದೊಡ್ಡತ್ತೆಯ ಕಂಪನಿಯದು ಕಾದರೆ 'ಗ್ರಾಹಕರಲ್ಲಿ ಆತಂಕ'! ಅವರದು ಬೆಲೆ ಏರಿಸಿದರೆ 'ಹೊಸ ಎತ್ತರ', ಇವರದು ಏರಿಸಿದರೆ 'ಜೇಬಿಗೆ ಕತ್ತರಿ'. ಯೂಟ್ಯೂಬಿನಲ್ಲಂತೂ ಫೋನಿನ ಡಬ್ಬ ಬಿಚ್ಚುವ ಹುಡುಗರು ಎದುರು ಕಂಪನಿಯ ಡಬ್ಬವನ್ನು ಹಸುಗೂಸಿನ ಹಾಗೆ ಎತ್ತಿಕೊಳ್ಳುತ್ತಾರೆ. ಇದೇನು ನ್ಯಾಯ ಸ್ವಾಮಿ? ಹೇಳಿ ನೋಡೋಣ!

ಪೇಪರಿನವರು ಕೇಳದಿದ್ದರೇನಂತೆ, ತಾನೇ ಕೇಳುತ್ತೇನೆಂದು ದೊಡ್ಡತ್ತೆ ಮಳವಳ್ಳಿ ಬಸ್ಸು ಹತ್ತಿದರು. ಜೊತೆಗೆ ನಾನು, ಸಾಕ್ಷಿಗೆ. ಮುಂದಿನ ಸೀಟಿನಿಂದ ಹಿಡಿದು ಒಬ್ಬೊಬ್ಬರನ್ನೇ, "ಎಲ್ಲಿ, ಫೋನ್ ತೆಗಿ ನೋಡನ" ಎಂದು ವಿಚಾರಣೆ ಶುರುವಾಯಿತು. ಕಂಡಕ್ಟರಿಗೆ ಗಾಬರಿ.

"ಅಜ್ಜಿ, ಯಾವ ಡಿಪಾರ್ಟ್‌ಮೆಂಟ್ನೋರು ನೀವು?"

"ಸತ್ಯದ ಡಿಪಾರ್ಟ್‌ಮೆಂಟು. ನಿಂದ್ಯಾವ ಫೋನು?"

ಅವನದೂ ಎದುರು ಕಂಪನಿಯದೇ! ಬಸ್ಸಿನಲ್ಲಿ ಹೆಚ್ಚಿನವರದು ಅದೇ. ಹಿಂದಿನ ಸೀಟಿನಲ್ಲಿ ಬಟನ್ ಫೋನು ಹಿಡಿದು ಕೂತಿದ್ದ ಮುದುಕರೊಬ್ಬರನ್ನು ದೊಡ್ಡತ್ತೆ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು.

"ಅತ್ತೆ, ಅವರದು ಸ್ಮಾರ್ಟ್‌ಫೋನೇ ಅಲ್ಲವಲ್ಲ?"

"ತಗೊಂಡ್ರೆ ನಮ್ದೇ ತಗೋತಾನೆ. ಮುಖ ನೋಡುದ್ರೆ ಗೊತ್ತಾಗಲ್ವ?"

ಇಳಿಯುವಾಗ ತೀರ್ಪೂ ಬಂತು. "ಈ ಬಸ್ಸೇ ಸರಿ ಇಲ್ಲ ಕಣ್ಲಾ. ಬರೀ ಕಾಲೇಜ್ ಹೈಕ್ಳು. ಮದ್ದೂರ್ ಬಸ್ಸಲ್ಲಿ ಕೇಳ್ಬೇಕಿತ್ತು."

ಇಷ್ಟೆಲ್ಲ ಆಗಿಯೂ, ಅವರ ನಿಜವಾದ ಎದುರಾಳಿ ಇದ್ದದ್ದು ಮನೆತನದಲ್ಲೇ. ಮಳವಳ್ಳಿಯಲ್ಲಿರುವ ಅವರ ತಂಗಿ, ನಮ್ಮ ಚಿಕ್ಕತ್ತೆ. ಅವರ ಕೈಯಲ್ಲಿ ಎದುರು ಕಂಪನಿಯ ಫೋನು! ಮದ್ದೂರಿನ ಛತ್ರದಲ್ಲಿ ನಮ್ಮವರದೊಂದು ಮದುವೆ. ಊಟ ಮುಗಿಸಿ ಇಬ್ಬರೂ ತಾವು ತೆಗೆದ ಫೋಟೋಗಳನ್ನು ಹೋಲಿಸುತ್ತಾ ಕೂತರು.

"ನೋಡಕ್ಕ, ನನ್ ಫೋನಲ್ಲಿ ಎಲ್ರೂ ಎಂಗೆ ಬೆಳ್ಳಗವ್ರೆ! ನಿಂದ್ರಲ್ಲಿ ಎಲ್ರೂ ಗದ್ದೆಯಿಂದ ಈಗ ಎದ್ದು ಬಂದಂಗವ್ರೆ."

"ಗದ್ದೆಯಿಂದಲೇ ಕಣಮ್ಮಿ ಬಂದಿರೋದು! ನಿನ್ ಫೋನು ಮೂತಿಗೆ ಸುಣ್ಣ ಬಳಿತದೆ. ಸುಳ್ ಹೇಳೋ ಫೋನ್ ಇಟ್ಕೊಂಡು ಮೆರಿಬ್ಯಾಡ."

"ನಾನ್ ಸುಳ್ಳಿನಾ?"

"ಫೋನ್ಗೆ ಅಂದೆ."

"ನಂಗೇ ಅಂದೆ!"

ನಗಬೇಡಿ. ಅಂದಿನಿಂದ ಅಕ್ಕತಂಗಿಯರ ಮಾತು ನಿಂತುಹೋಯಿತು. ಯಾವನೋ ಎಲ್ಲೋ ಕೂತು ಮಾರುವ ಪೆಟ್ಟಿಗೆಗಾಗಿ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಮುಖ ತಿರುಗಿಸಿಕೊಂಡರು! ಎರಡೂ ಕಂಪನಿಗಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಬ್ಬಕ್ಕೆ ಕರೆಯುವುದೂ ನನ್ನ ಮೂಲಕ, ಬರುವುದಿಲ್ಲ ಎನ್ನುವುದೂ ನನ್ನ ಮೂಲಕ.

ಹೀಗಿರುವಾಗ ಚಿಕ್ಕತ್ತೆಯ ಕಣ್ಣು ಮಂಜಾಗುತ್ತಾ ಬಂತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮಂಡ್ಯದಲ್ಲಿ ಆಪರೇಷನ್ ಆದರೂ ಬೆಳಕು ನೆರಳಿನ ಅಂದಾಜಷ್ಟೇ ಉಳಿಯಿತು. ಫೋನನ್ನು ಅವರು ಅಡುಗೆಮನೆಯ ಗೂಡಿನಲ್ಲಿಟ್ಟು ಮತ್ತೆ ಮುಟ್ಟಲಿಲ್ಲ. ಬೆರಳಿಟ್ಟಲ್ಲೆಲ್ಲ ಏನಿದೆಯೆಂದು ಫೋನೇ ಓದಿ ಹೇಳುವ ವ್ಯವಸ್ಥೆ ಇದೆ ಎಂದು ನಾನು ಹೇಳಿದರೆ, "ನಂಗ್ಯಾಕಪ್ಪ ಇನ್ನು" ಎಂದುಬಿಟ್ಟರು. ಇದನ್ನು ದೊಡ್ಡತ್ತೆಗೆ ತಿಳಿಸಿದೆ. ಅವರು ಕೇಳಿಸಿಕೊಂಡು, ಗದ್ದೆಗೆ ನೀರು ಬಿಡಿಸಲು ಆಳಿಗೆ ಫೋನು ಹಚ್ಚಿದರು. ನನಗೆ ಕೋಪವೇ ಬಂತು.

ಮುಂದಿನ ತಿಂಗಳು ಒಂದು ಭಾನುವಾರ ಮಳವಳ್ಳಿಗೆ ಹೋದೆ. ಬಾಗಿಲಲ್ಲೇ ಫೋನಿನ ಹೆಣ್ಣು ದನಿಯೊಂದು ಗಡಿಬಿಡಿಯಲ್ಲಿ ಏನೇನೋ ಓದುತ್ತಿರುವುದು ಕೇಳಿಸಿತು. ಒಳಗೆ ಇಣುಕಿದೆ. ಗೂಡಿನಲ್ಲಿದ್ದ ತಮ್ಮ ಫೋನು ಹಿಡಿದು, ಗೋಡೆಗೊರಗಿ ಚಿಕ್ಕತ್ತೆ. ಎದುರಿಗೆ, ಕಣ್ಣಿಗೆ ಟವೆಲು ಬಿಗಿದು ಕಟ್ಟಿಕೊಂಡ ದೊಡ್ಡತ್ತೆ! ಕೈಯಲ್ಲಿ ಎದುರು ಕಂಪನಿಯ ಹೊಚ್ಚ ಹೊಸ ಫೋನು, ಚಿಕ್ಕತ್ತೆಯದರ ಹಾಗೆಯೇ ಇರುವುದು.

"ಇದೇನತ್ತೆ?" ಎಂದೆ.

"ಅವ್ಳ ಬೆರಳಿಗೆ ಇದೇ ರೂಢಿ. ಈಗ ಬ್ಯಾರೆ ಕಲಿ ಅಂದ್ರೆ ಆಯ್ತದಾ? ಇನ್ನು ನಾನು ಕಣ್ಬುಟ್ಕೊಂಡು ಕಲುತ್ರೆ ಅವ್ಳಿಗೆ ಎಂಗೆ ಹೇಳ್ಕೊಡ್ಲಿ? ಸುಮ್ಕೆ ಕೂತ್ಕೊ."

ಕೂತೆ. "ಎಡಗಡೆ ಜಾರ್ಸು. ಇನ್ನೊಂದ್ಸಲ. ಅದು ನನ್ ಎಸ್ರು ಹೇಳ್ತಲ್ವಾ, ಈಗ ಎಲ್ಡ್ ಸಲ ತಟ್ಟು" ಎಂದು ದೊಡ್ಡತ್ತೆ ಹೇಳುತ್ತಿದ್ದರು. ಚಿಕ್ಕತ್ತೆಯ ಬೆರಳು ತಡವರಿಸಿ ನಿಂತಿತು, ತಟ್ಟಿತು. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಿದ್ದ ದೊಡ್ಡತ್ತೆಯ ಕೈಯಲ್ಲಿ ಫೋನು ಹೊಡೆದುಕೊಂಡಿತು. ಟವೆಲು ಬಿಚ್ಚದೆ, ತಡಕಾಡಿ ಅದನ್ನೆತ್ತಿ ಅವರು ಕಿವಿಗಿಟ್ಟುಕೊಂಡರು.

"ಅಕ್ಕ?" ಎಂದರು ಚಿಕ್ಕತ್ತೆ.

"ಹೇಳವ್ವ," ಎಂದರು ದೊಡ್ಡತ್ತೆ. "ಕೇಳುಸ್ತಾದೆ."