ಮಾವನ ಮೇ ತಿಂಗಳ ಕವಿತೆ

ನನ್ನ ಸೋದರಮಾವ ಮೂವತ್ತು ವರ್ಷಗಳಿಂದ ಕವಿ. ಇವತ್ತಿನವರೆಗೆ ಒಂದೇ ಒಂದು ಕವಿತೆಯನ್ನೂ ಮುಗಿಸಿಲ್ಲ! ಬರೆಯಲು ಬರುವುದಿಲ್ಲವೆಂದಲ್ಲ. ಬರೆದದ್ದು ನಿಜವೋ ಸುಳ್ಳೋ ಎಂದು ಹೋಗಿ ನೋಡಿ ಬರುತ್ತಾರೆ, ಅದೇ ತೊಂದರೆ. ಸೇತುವೆಗಳ ತಪಾಸಣೆ ಮಾಡಿ ನಿವೃತ್ತರಾದ ಎಂಜಿನಿಯರ್ ಅವರು. ಕಣ್ಣಾರೆ ಕಾಣದ್ದಕ್ಕೆ ಸಹಿ ಹಾಕುವ ಪೈಕಿಯಲ್ಲ.

ವಸ್ತು ಯಾವಾಗಲೂ ಒಂದೇ. "ಎಲ್ಲ ಕವಿಗಳೂ ಚೈತ್ರದ ಹಿಂದೆ ಬಿದ್ದಿದ್ದಾರೆ ಕಣೇ. ಪಾಪ, ಮೇ ತಿಂಗಳಿಗೆ ಯಾರಿದ್ದಾರೆ?" ಎನ್ನುತ್ತಾರೆ. ಮೇ ಒಂದನೇ ತಾರೀಕಿಗೆ ಜಯನಗರದ ಮನೆಯಲ್ಲಿ ನಲವತ್ತು ಸಾಲು ಸಿದ್ಧ. ಅಲ್ಲಿಂದ ಮಾವ ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು, ಅಂಗಿಯ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡು ಹೊರಟರೆಂದರೆ ಯಾವುದೋ ಸಾಲಿಗೆ ಗಂಡಾಂತರ! ಪ್ರತಿ ತೆಗೆದಿಡುವ ಗುಮಾಸ್ತೆ ನಾನು. "ಕಾನ್ವೆಂಟ್ ಹುಡುಗಿ, ನಿನ್ನ ಕನ್ನಡ ಅಷ್ಟಕ್ಕಷ್ಟೆ. ಅಕ್ಷರ ಮಾತ್ರ ಮುತ್ತು!" ಎನ್ನುತ್ತಾರೆ ಮಾವ.

ಈ ವರ್ಷ ಚಡಪಡಿಕೆ ಇನ್ನೂ ಜಾಸ್ತಿ. ತಿಂಗಳ ಕೊನೆಯ ಭಾನುವಾರ ಪಾರ್ಕಿನಲ್ಲಿ ಹಿರಿಯರ ಕವಿಗೋಷ್ಠಿ. ಹೋದ ಸಲ ಕಾರ್ಯದರ್ಶಿಗಳು ಮೈಕಿನಲ್ಲೇ, "ಸಾರ್, ನಿಮ್ಮ ಮೇ ಮುಗಿಯೋಷ್ಟರಲ್ಲಿ ಡಿಸೆಂಬರ್ ಬರತ್ತೆ!" ಎಂದು ಎಲ್ಲರನ್ನೂ ನಗಿಸಿದ್ದರು. ಮಾವನೂ ನಕ್ಕರು, ಮನೆಗೆ ಬಂದು ಎರಡು ದಿನ ಪೆನ್ನು ಮುಟ್ಟಲಿಲ್ಲ. "ಈ ಸಲವೂ ಓದದಿದ್ರೆ ಇವರು ಇನ್ನು ಬರೆಯೋದೇ ಇಲ್ಲ ನೋಡು" ಎಂದರು ಮಾವನ ಹೆಂಡತಿ, ನಮ್ಮ ಅತ್ತೆ.

'ಮಾವಿನ ಕೊಂಬೆಯಲಿ ಕೋಗಿಲೆ' ಎಂಬ ಸಾಲಿಗಾಗಿ ಬೆಳಗ್ಗೆ ಆರಕ್ಕೇ ನನ್ನನ್ನು ಎಳೆದುಕೊಂಡು ಹೊರಟರು. ಕೋಗಿಲೆ ಸಿಕ್ಕಿತು, ಸಾರಕ್ಕಿ ಸಿಗ್ನಲ್ಲಿನ ಕೇಬಲ್ ಮೇಲೆ!

"ಕೇಬಲ್ ಅಂತಲೇ ಬರೀರಿ ಮಾವ."

"ಛಂದಸ್ಸು ಕೆಡತ್ತೆ. ಹೊಡೆದುಹಾಕು!"

'ಬಾಯಾರಿದ ಇಳೆ' ಎಂದು ಫೋನಿನಲ್ಲಿ ನನಗೆ ಓದುತ್ತಿದ್ದಾಗಲೇ ದಪದಪ ಆಲಿಕಲ್ಲು ಮಳೆ. ಅಲ್ಲಿಗೇ ಫೋನಿಟ್ಟರು. ಆ ಸಾಲೂ ಹೋಯಿತೆಂದು ಬೇರೆ ಹೇಳಬೇಕೆ? 'ಜೇನಿನಂಥ ರಸಪುರಿ'ಯನ್ನು ಮಾವಿನಹಣ್ಣಿನ ಗಾಡಿಯ ಬಳಿಯೇ ಕಚ್ಚಿ ನೋಡಿದರು. ಹುಳಿ!

"ಎರಡು ದಿನ ಅಕ್ಕೀಲಿ ಇಡಿ ಅಂಕಲ್, ಹಣ್ಣಾಗತ್ತೆ" ಎಂದ ಗಾಡಿಯವನು.

"ನನ್ನ ಕವಿತೆ ಅಲ್ಲೀವರೆಗೂ ಕಾಯಲ್ಲಪ್ಪಾ!"

ಶನಿವಾರ ಮಧ್ಯಾಹ್ನ ಅತ್ತೆ ಪಿಸುದನಿಯಲ್ಲಿ ಫೋನ್ ಮಾಡಿದರು. "ಒಂದೇ ಸಾಲು ಉಳಿದಿದೆ ಕಣೇ. ಬೆಳಗ್ಗಿಂದ ಪೆನ್ನು ಹಿಡ್ಕೊಂಡು ನಡುಮನೇಲಿ ಓಡಾಡ್ತಿದ್ದಾರೆ. ಹೊಡೆದುಹಾಕ್ತಾನೂ ಇಲ್ಲ, ಬಿಡ್ತಾನೂ ಇಲ್ಲ."

"ಯಾವ ಸಾಲು ಅತ್ತೆ?"

"'ಮೇ ಬಂತೆಂದರೆ ನಮ್ಮ ಮನೆಗೆ ಮಕ್ಕಳು ಬರುತ್ತವೆ.'"

ಮಾವ-ಅತ್ತೆಗೆ ಮಕ್ಕಳಿಲ್ಲ. ರಜೆಗೆ ಬರುತ್ತಿದ್ದವರು ನಾವು: ನಾನು, ನನ್ನ ತಮ್ಮ, ಚಿಕ್ಕಮ್ಮನ ಮಗಳು. ಇಡೀ ತಿಂಗಳು ಅಲ್ಲೇ ಊಟ, ಅಲ್ಲೇ ಜಗಳ, ಅಲ್ಲೇ ನಿದ್ದೆ. ಈಗ ಮೂವರೂ ಇದೇ ಊರಲ್ಲಿದ್ದೇವೆ. ಮೂವರೂ ಒಟ್ಟಿಗೆ ಆ ಮನೆಗೆ ಹೋಗಿ ಎಷ್ಟು ವರ್ಷವಾಯಿತು? ಲೆಕ್ಕ ಹಾಕಲು ನಾಚಿಕೆಯಾಯಿತು. ಆಗಲೇ ಉಳಿದಿಬ್ಬರಿಗೂ ಫೋನ್ ಮಾಡಿದೆ.

ಭಾನುವಾರ ಬೆಳಗ್ಗೆ ತಮ್ಮ ಬನಶಂಕರಿಯಿಂದ ಬಂದ, ಚಿಕ್ಕಮ್ಮನ ಮಗಳು ಶ್ರೀನಗರದಿಂದ. ಮೂವರ ವಯಸ್ಸು ಕೂಡಿದರೆ ನೂರೈವತ್ತು ದಾಟುತ್ತದೆ. ಆರು ಮಂಡಿಗಳಲ್ಲಿ ನೆಟ್ಟಗಿರುವುದು ಎರಡು! ಮಾವನ ಮನೆಯ ಬೆಲ್ ಒತ್ತಿ ನಿಂತೆವು. ಮಾವ ಬಾಗಿಲು ತೆರೆದು ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಬಿಸಿಲಲ್ಲಿ ಯಾಕ್ರೋ ನಿಂತಿದ್ದೀರಾ? ಕಾಲು ತೊಳ್ಕೊಂಡು ಒಳಗೆ ಬನ್ನಿ" ಎಂದು ಗದರಿ, ಬೇಗ ಆ ಕಡೆ ತಿರುಗಿಕೊಂಡರು.

ಸಂಜೆ ಪಾರ್ಕಿನಲ್ಲಿ ಅವರ ಸರದಿ ಬಂತು. ಎದ್ದು ನಿಂತು ಆ ಒಂದು ಸಾಲನ್ನು ಓದಿದರು. ಮುಂದಿನದಕ್ಕೆ ಎಲ್ಲರೂ ಕಾದರು. ಯಾರೋ ಕೆಮ್ಮಿದರು. ಮುಗಿಯಿತೆಂದುಕೊಂಡು ಕಾರ್ಯದರ್ಶಿಗಳು ಮೈಕಿಗೆ ಕೈ ಚಾಚಿದರು. ಮಾವ ಬಿಡಲಿಲ್ಲ. ಮೂವತ್ತು ವರ್ಷ ಬರೀ ಹೊಡೆದುಹಾಕುತ್ತಲೇ ಬಂದ ಮನುಷ್ಯ, ಕಾಗದ ಮಡಿಚಿ, ನಾವು ಕೂತಿದ್ದ ಬೆಂಚಿನ ಕಡೆ ನೋಡುತ್ತ, ಮೊದಲ ಸಲ ಒಂದು ಸಾಲು ಸೇರಿಸಿದರು:

"ಇವತ್ತೂ ಬಂದಿವೆ."