ಚಂದ್ರಾಬಾಯಿ ತೆಗೆಯದ ಬಾಗಿಲು

ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವವರು ಕಥೆ ಬರೆಯಲು ಕೂರಬಾರದು. ಅನುಭವದಿಂದ ಹೇಳುತ್ತಿದ್ದೇನೆ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾನು ಟೆಸ್ಟರ್. ಗಿರಾಕಿ ಕೇಳಿದ್ದು ನೀಲಿ ಗುಂಡಿ, ನಮ್ಮವರು ಮಾಡಿದ್ದು ಹಸಿರು ಗುಂಡಿ ಎಂದರೆ ಸಾಕು, 'ಮೂಲದಲ್ಲಿ ಹೀಗಿಲ್ಲ' ಎಂದು ಬರೆದು ವಾಪಸು ಕಳಿಸುತ್ತೇನೆ. ಹಸಿರೇ ಚೆನ್ನಾಗಿದೆಯಲ್ಲ ಮಾರಾಯ ಎಂದು ಅವರು ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನುವುದಿಲ್ಲ. ಇಂಥ ನಾನು, ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆಂದು, ಹೆಂಡತಿ ಸುಮಿತ್ರಾಳ ಅಚ್ಚುಮೆಚ್ಚಿನ ಕಾದಂಬರಿಯ ಕೊನೆಯನ್ನೇ ಬದಲಾಯಿಸಿ ಬರೆದು ಅವಳಿಗೆ ಉಡುಗೊರೆ ಕೊಟ್ಟೆ.

ಕಾರಣವಿತ್ತು. ಹಿಂದಿನ ವರ್ಷ ಆ ದಿನವನ್ನೇ ಮರೆತಿದ್ದೆ. ಊರಿನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅಮೆರಿಕದವರು ಹಾಸಿಗೆ ಬಿಡುವ ಹೊತ್ತಿಗೆ ನಮ್ಮ ಮೀಟಿಂಗು. ನಾನು ನಡುರಾತ್ರಿ ದಿಲ್‌ಸುಖ್‌ನಗರದ ಮನೆ ಮುಟ್ಟಿ ಬಾಗಿಲು ಬಡಿದರೆ, ಸುಮಿತ್ರಾ ನಿದ್ದೆಗಣ್ಣಲ್ಲಿ ತೆಗೆದು, ಅನ್ನ ಎಲ್ಲಿದೆ ಎಂದು ತೋರಿಸಿ ಮಲಗುತ್ತಿದ್ದಳು. ಮರೆತದ್ದಕ್ಕೆ ಅವಳು ಜಗಳವನ್ನೂ ಆಡಲಿಲ್ಲ. ಇರಲಿ ಬಿಡ್ರಿ ಎಂದಳು, ಅಷ್ಟೇ. ಜಗಳವಾಡದ ಹೆಂಡತಿಯನ್ನು ಕಂಡರೆ ನನಗೆ ಜೀವ ಬಾಯಿಗೆ ಬರುತ್ತದೆ. ಈ ಸಲವೂ ಎಡವಿದರೆ ಇವಳು ನನ್ನಿಂದ ಏನನ್ನೂ ಬಯಸುವುದನ್ನೇ ಬಿಟ್ಟಾಳು ಎಂದು ನಿಜಕ್ಕೂ ಹೆದರಿದ್ದೆ. ಮೊದಲೇ ಉಡುಗೊರೆಯ ವಿದ್ಯೆ ನಮ್ಮ ಕಡೆಯವರಿಗೆ ಒಲಿದಿಲ್ಲ. ನಮ್ಮ ಸೋದರಮಾವ ಒಮ್ಮೆ ದೀಪಾವಳಿಗೆ ಅತ್ತೆಗೆ ಕೇರಂ ಬೋರ್ಡ್ ತಂದುಕೊಟ್ಟಿದ್ದರು. ಅತ್ತೆ ಅದರ ಮೇಲೆ ಸಂಡಿಗೆ ಒಣಹಾಕಿದರು.

ಕಾದಂಬರಿ ಸುಮಿತ್ರಾ ರಾಯಚೂರಿನ ತವರಿನಿಂದ ತಂದದ್ದು. ಅದರ ನಾಯಕಿ ಚಂದ್ರಾಬಾಯಿಯನ್ನು ಗಂಡ ಬಿಟ್ಟುಹೋಗುತ್ತಾನೆ. ಅವಳು ಹೊಲಿಗೆ ಕಲಿತು ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಹನ್ನೆರಡು ವರ್ಷದ ನಂತರ ಅವನು ಬಂದು ಬಾಗಿಲು ಬಡಿದರೆ ತೆಗೆಯುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು. ಆ ಪುಟಕ್ಕೆ ಬಂದಾಗಲೆಲ್ಲ ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಾಪ, ಅವರಿಬ್ಬರನ್ನು ಒಂದುಗೂಡಿಸಿದರೆ ಇವಳ ಅಳು ನಿಂತೀತು ಎಂದುಕೊಂಡೆ. ಆಫೀಸಿನ ಕಾರಿನಲ್ಲಿ ಹೋಗುತ್ತಾ ಬರುತ್ತಾ ಹದಿನೆಂಟು ಪುಟ ಬರೆದೆ. ನನ್ನ ಚಂದ್ರಾಬಾಯಿ ಮೊದಲನೆಯ ಬಡಿತಕ್ಕೇ ಬಾಗಿಲು ತೆಗೆದಳು, ಶುಂಠಿ ಹಾಕಿ ಚಹಾ ಮಾಡಿದಳು, ದಣಿದು ಬಂದೀರಿ, ಕುಂದರ್ರಿ ಎಂದು ಉಪಚರಿಸಿದಳು. ಬರೆಯುತ್ತಾ ನನ್ನ ಕಣ್ಣೇ ತುಂಬಿ ಬಂತು. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ, ಕೆಲಸ ಹೋಯಿತೇನು ಎಂದು ತೆಲುಗಿನಲ್ಲಿ ಮೆಲ್ಲಗೆ ವಿಚಾರಿಸಿದ.

ಸುಮಿತ್ರಾ ಓದಿದಳು. ಅಳಲಿಲ್ಲ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಮಗಳ ಕಂಪಾಸ್ ಪೆಟ್ಟಿಗೆಯಿಂದ ಪೆನ್ಸಿಲ್ ತೆಗೆದು ಸಾಲುಗಳ ಕೆಳಗೆ ಗೆರೆ ಎಳೆಯತೊಡಗಿದಳು. ಚಂದ್ರಾಬಾಯಿಯ ಮನೆಯಲ್ಲಿ ಶುಂಠಿ ಯಾವಾಗ ಬಂತು, ಶುಂಠಿ ಬೇಕಾದದ್ದು ನಿಮಗಲ್ಲವೇ ಎಂದಳು. ಹೊಲಿಗೆ ಯಂತ್ರ ಎಲ್ಲಿ ಹೋಯಿತು ಎಂದು ಕೇಳಿದಳು. ಅದನ್ನು ನಾನು ಮರೆತೇಬಿಟ್ಟಿದ್ದೆ. ಮತ್ತೆ ಪ್ರತಿ ಸಲ ಓದಿ ಅಳುತ್ತಿದ್ದೆಯಲ್ಲ ಎಂದು ಗೊಣಗಿದೆ.

"ನಾ ಖುಷಿಗೆ ಅಳತಿದ್ನಿರಿ," ಎಂದಳು. "ಅಕಿ ಬಾಗಲಾ ತೆಗಿಯಾಕಿ ಅಲ್ಲ. ದಿನಾ ಎದ್ದು ತೆಗಿಯಾಕಿ ನಾ."

ನಾಚಿಕೆಯಾಯಿತು. ಆದರೆ ಇಡೀ ವರ್ಷ ಕಳೆದ ಮೇಲೆ ಇವಳು ನನ್ನೊಡನೆ ಜಗಳಕ್ಕೆ ನಿಂತಿದ್ದಾಳಲ್ಲ ಎಂದು ಒಳಗೊಳಗೇ ಭಾಳ ಸಂತೋಷವೂ ಆಯಿತು. ಮುಂದಿನ ಭಾನುವಾರ ಇಬ್ಬರೂ ಕೂತು ತಿದ್ದಿದೆವು. ಅವಳು ಹೇಳಿದಳು, ನಾನು ಬರೆದೆ. ಹೊಲಿಗೆ ಯಂತ್ರ ವಾಪಸು ಬಂತು, ಬಾಗಿಲು ಮುಚ್ಚಿತು, ಗಂಡ ಹೊರಗೇ ಉಳಿದ. ಅವನನ್ನು ನೆನೆದು ಯಾಕೋ ಪಾಪ ಎನಿಸಿತು. ಹೊರಗಿನ ಕಟ್ಟೆಯ ಮೇಲೆ ಅವನಿಗೊಂದು ಚಾಪೆಯನ್ನಾದರೂ ಹಾಸಲೇ ಎಂದು ಕೇಳಿದೆ. ಸುಮಿತ್ರಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಾಸ್ರಿ," ಎಂದಳು. "ದಿಂಬು ಬ್ಯಾಡ."