ತಿರುಗುವ ಕುರ್ಚಿ

ಗುಂಗುರ ತನ್ನ ಕಟಿಂಗ್ ಶಾಪಿಗೆ ತಿರುಗುವ ಕುರ್ಚಿ ಹಾಕಿಸಿದ. ಆಗಿದ್ದು ಇಷ್ಟೇ. ಅಷ್ಟಕ್ಕೇ ಸಮುದ್ರದಾಚೆ ಇನ್ನೊಬ್ಬ ಕ್ಷೌರಿಕನ ಹೊಟ್ಟೆಗೆ ಬೆಂಕಿ ಬಿತ್ತು.

ಇಬ್ಬರೂ ಕಡಲ ದಂಡೆಯ ಒಂದೇ ಊರಿನವರು, ಒಂದೇ ಗುರುವಿನಿಂದ ತಲೆಗೆ ಮೊಟಕಿಸಿಕೊಂಡು ಕತ್ತರಿ ಹಿಡಿಯಲು ಕಲಿತವರು. ಇವನು ವಿಮಾನ ಹತ್ತಿದ, ಗುಂಗುರ ಊರಲ್ಲೇ ಉಳಿದ. ನ್ಯಾಯವಾಗಿ ನೋಡಿದರೆ ಹೊಟ್ಟೆ ಉರಿಯಬೇಕಾದ್ದು ಗುಂಗುರನಿಗೆ. ಆದರೆ ಆ ಕಳ್ಳ ದಿನಾ ಹೊಸ ಹೊಸ ತಲೆಗಳ ವಿಡಿಯೊ ಹಾಕುತ್ತಿದ್ದ. ಇವನು ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿ, ಅದು ಒಣಗಿ ಸುಣ್ಣವಾಗುವವರೆಗೂ ಫೋನು ನೋಡುತ್ತ ಹಲ್ಲು ಕಡಿಯುತ್ತಿದ್ದ. ಇವನ ಯಜಮಾನನೂ ಹಿಂದಿನಿಂದ ಇಣುಕುತ್ತಿದ್ದ.

"ಒಳ್ಳೇ ಕೈ. ಯಾರಿವನು?"

"ಕೈಯಾ? ಕೋತಿಗೆ ಕತ್ತರಿ ಕೊಟ್ಟ ಹಾಗಿದೆ! ನೋಡ್ತಿರಿ, ಊರಿಗೆ ಹೋಗಿ ಇವನ ಅಂಗಡಿಗೆ ಬೀಗ ಹಾಕಿಸ್ತೀನಿ."

ಹೇಳಿದವನೇ ಕೆಲಸ ಬಿಟ್ಟ. ಕೂಡಿಟ್ಟಿದ್ದನ್ನೆಲ್ಲ ಸುರಿದು ಗುಂಗುರನದಕ್ಕಿಂತ ದೊಡ್ಡ ಕುರ್ಚಿ ಕೊಂಡ. ಅದು ತಿರುಗುತ್ತಿತ್ತು, ಏರುತ್ತಿತ್ತು, ಇಳಿಯುತ್ತಿತ್ತು, ಹಿಂದಕ್ಕೆ ಮಲಗುತ್ತಿತ್ತು. ಮಾತಾಡುವುದೊಂದು ಬಾಕಿ. ಹೆಂಡತಿಗೂ ಸುದ್ದಿ ಕೊಡದೆ, ಏಳು ವರ್ಷದ ಮೇಲೆ, ಕುರ್ಚಿಯ ಸಮೇತ ನಗರದಲ್ಲಿ ಬಂದಿಳಿದ.

ನಗರಕ್ಕೆ ಇವನ ಗುರುತಿರಲಿಲ್ಲ, ಇವನಿಗೆ ನಗರದ್ದಿರಲಿಲ್ಲ. ಬಸ್ ನಿಲ್ದಾಣವಿದ್ದ ಜಾಗದಲ್ಲಿ ಗಾಜಿನ ಅಂಗಡಿಗಳು ಎದ್ದಿದ್ದವು. ನಿಲ್ದಾಣ ಸಾಲಗಾರನ ಹಾಗೆ ಊರಾಚೆ ಓಡಿಹೋಗಿತ್ತು. ಹುಡುಕಿಕೊಂಡು ಹೋದರೆ, ಕಡಲ ಕಡೆಯ ಬಸ್ಸಿಗೆ ಮೇಲೆ ಸಾಮಾನು ಕಟ್ಟಲು ಏಣಿಯೇ ಇಲ್ಲ.

"ಏಣಿನಾ? ಯಾವ ಕಾಲದಲ್ಲಿದ್ದೀರಿ ಫಾರಿನ್ ಮಾವ!" ಕಂಡಕ್ಟರ್ ಗಡ್ಡ ಕೆರೆದುಕೊಂಡು ನಕ್ಕ. ಬೇಡಿ ಕಾಡಿದ ಮೇಲೆ ಕುರ್ಚಿಯನ್ನು ಬಸ್ಸಿನೊಳಗೇ, ಸೀಟುಗಳ ನಡುವೆ ಹಗ್ಗ ಬಿಗಿದು ನಿಲ್ಲಿಸಿದರು. ಇಳಿಯುವವರು ಹತ್ತುವವರೆಲ್ಲ ಅದಕ್ಕೊಂದು ಸುತ್ತು ಬರಬೇಕಾಯಿತು.

ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಊರಿಗೆ ಹೊರಟಿದ್ದ ಅಕ್ಕನೊಬ್ಬಳು ಕುರ್ಚಿಯನ್ನು ಮೂಸುವಷ್ಟು ಹತ್ತಿರದಿಂದ ನೋಡಿದಳು. "ಇದೇನಪ್ಪ, ಹಲ್ಲು ಕೀಳೋ ಕುರ್ಚಿನಾ?"

"ಕಟಿಂಗ್ ಕುರ್ಚಿ ಅಕ್ಕಾ. ನಿಮ್ಮೂರಲ್ಲೇ ಅಂಗಡಿ ಹಾಕ್ತೀನಿ." ಏಳು ವರ್ಷದಲ್ಲಿ ಉಬ್ಬಿದ ಇವನ ಮುಖದ ಗುರುತು ಬಸ್ಸಿನಲ್ಲಿ ಯಾರಿಗೂ ಹತ್ತಲಿಲ್ಲ, ಇವನೂ ಹೇಳಿಕೊಳ್ಳಲಿಲ್ಲ.

"ನಮ್ಮ ಗುಂಗುರ ಇರೋವಾಗ ನಿನ್ನ ಹತ್ರ ಯಾರು ಬರ್ತಾರೋ? ನನ್ನ ಮಗನ ತಲೆ ಸವೆದ ಪೊರಕೆ ಥರ ಇತ್ತು. ಗುಂಗುರ ಕೈಯಾಡಿಸಿದ, ಹೆಣ್ಣು ಕೊಡೋರು ಬಾಗಿಲಲ್ಲಿ ಸಾಲು ನಿಂತ್ರು!"

"ಎರಡು ದಿನದಿಂದ ಅಂಗಡಿ ಮುಚ್ಚಿದಾನೆ ಕಣಕ್ಕ," ಎಂದ ಕಂಡಕ್ಟರ್. "ಮಾವನ ಮನೆಗೆ ಹೋಗಿರ್ಬೇಕು. ನೋಡು ನನ್ನ ಗಡ್ಡ! ಬೇರೆಯವರ ಕೈಗೆ ಕೊಡಲ್ಲ, ಅವನಿಗೇ ಅಂತ ಕಾಯ್ತಿದೀನಿ."

ಇವನ ಹೆಂಡತಿಯೂ ಇವನಿಗಾಗಿ ಇಷ್ಟು ನಿಷ್ಠೆಯಿಂದ ಕಾದಿರಲಾರಳು. ಕ್ಷೌರಿಕನ ಕಿವಿ ಕೆಂಪಾಯಿತು.

ಪಕ್ಕದ ಸೀಟಿನಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು ಸುಮ್ಮನೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಈಗ ಓರೆಗಣ್ಣಲ್ಲಿ ನೋಡಿ, "ಗುಂಗುರನ ಕೈ ಬೆಣ್ಣೆ. ನಿನ್ನದು ಹೇಗಪ್ಪ?" ಎಂದರು.

"ಬಸ್ಸು ನಿಲ್ಲಲಿ ಯಜಮಾನ್ರೇ. ಕಿವಿ ಹತ್ರ ಒಂಚೂರು ತೋರಿಸ್ತೀನಿ."

ದಾರಿ ಇವನಿಗೆ ಬಾಯಿಪಾಠ. ಮುಂದೆ ರೈಲ್ವೆ ಗೇಟು. ಅದು ಬಿದ್ದರೆ ಅರ್ಧ ಗಂಟೆ ಏಳುವುದಿಲ್ಲ. ಹಿಂದೆಲ್ಲ ಜನ ಅಲ್ಲಿ ಇಳಿದು ಊಟ ಮಾಡಿ, ಜಗಳವಾಡಿ, ರಾಜಿಯನ್ನೂ ಮುಗಿಸಿಕೊಂಡು ಬಸ್ಸು ಹತ್ತುತ್ತಿದ್ದರು.

ಬಸ್ಸು ನಿಂತಿತು. ಮುಂದೆ ಲಾರಿಗಳ ಸಾಲು. ಗೇಟು ಬಿತ್ತು ಎಂದುಕೊಂಡ. ಹಿರಿಯರನ್ನು ಕೂರಿಸಿ, ಕೊರಳಿಗೆ ಟವೆಲು ಸುತ್ತಿ, ಕುರ್ಚಿ ಏರಿಸಿ, ಬ್ಯಾಟರಿ ಮಷೀನು ಒತ್ತಿದ. ಕಿವಿಯ ಪಕ್ಕ ಗೆರೆ ಎಳೆದ ಹಾಗೆ ಬಂತು.

ಹಿರಿಯರು ಕೈಗನ್ನಡಿಯಲ್ಲಿ ನೋಡಿಕೊಂಡರು. "ಪರವಾಗಿಲ್ವೇ! ಸಾಕು ಬಿಡು."

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಪರವಾಗಿಲ್ಲ ಅಂದ್ರೆ? ಗುಂಗುರನಿಗಿಂತ ಚೆನ್ನಾಗಿದೆ ಅನ್ನಿ!"

"ಅವನಷ್ಟು ಅನ್ನೋಕಾಗಲ್ಲಪ್ಪ..."

"ಹಾಗಾದ್ರೆ ಇದನ್ನೂ ನೋಡಿ!" ಎಂದು ಮಷೀನನ್ನು ಹಣೆಗೆ ತಂದ.

ಆದರೆ ಆ ಗೇಟು ಕಿತ್ತುಹೋಗಿ ಐದು ವರ್ಷವಾಗಿತ್ತು. ಅಲ್ಲೀಗ ಹಳಿಯ ಮೇಲೆ ಸೇತುವೆ. ಲಾರಿಗಳು ನಿಂತಿದ್ದು ಅದರ ಸುಂಕ ಕಟ್ಟಲು. ಸುಂಕ ಮುಗಿದದ್ದೇ ಬಸ್ಸು ಹಗ್ಗ ಬಿಚ್ಚಿದ ಕರುವಿನ ಹಾಗೆ ಸೇತುವೆಗೆ ನೆಗೆಯಿತು. ಕುರ್ಚಿಯ ಹಗ್ಗವೂ ಬಿಚ್ಚಿಕೊಂಡಿತು. ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲದಂತೆ ತಿರುಗಿತು, ಏರಿತು, ಇಳಿಯಿತು, ಹಿಂದಕ್ಕೆ ಮಲಗಿತು. ಬೀಳದಿರಲು ಕ್ಷೌರಿಕ ಹಿಡಿದುಕೊಂಡದ್ದು ಹಿರಿಯರ ತಲೆಯನ್ನು, ಮಷೀನಿದ್ದ ಕೈಯಿಂದಲೇ.

ಬಸ್ಸು ಹದಕ್ಕೆ ಬಂದಾಗ ಹಣೆಯಿಂದ ಹೆಡತಲೆಯವರೆಗೆ ನುಣ್ಣನೆಯ ದಾರಿಯೊಂದು ತೆರೆದಿತ್ತು.

"ಅಯ್ಯಯ್ಯೋ! ನಾಡಲ್ಲೆಲ್ಲ ರಸ್ತೆ ಮಾಡಿದ್ದು ಸಾಲ್ದು ಅಂತ ಯಜಮಾನ್ರ ತಲೆ ಮೇಲೂ ಮಾಡಿಬಿಟ್ಯಲ್ಲೋ!" ಅಕ್ಕ ಬುಟ್ಟಿ ಬಡಿದು ನಕ್ಕಳು. ಬಸ್ಸಿಗೆ ಬಸ್ಸೇ ಫೋನು ತೆಗೆಯಿತು. ಹಿರಿಯರು ಮಾತ್ರ ಟವೆಲನ್ನು ತಲೆಗೆ ಸುತ್ತಿಕೊಂಡು, ಊರು ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು.

ಊರಲ್ಲಿ ಇಳಿದವನೇ ಕುರ್ಚಿ ತಳ್ಳಿಕೊಂಡು ಗುಂಗುರನ ಅಂಗಡಿಗೆ ಹೋದ. ಬಾಗಿಲಿಗೆ ಬೀಗ. ಬೋರ್ಡೂ ಇಲ್ಲ. ಇವನ ಎದೆ ಬಾತುಕೋಳಿಯಂತೆ ಉಬ್ಬಿತು. "ನಾನು ಬರ್ತೀನಿ ಅಂತ ಗೊತ್ತಾಗಿ ಓಡಿಹೋದ!"

"ಓಡಿಹೋಗಿಲ್ಲ. ಹಾರಿಹೋದ," ಹಿಂದಿನಿಂದ ದನಿ ಬಂತು. ಬಿಳಿ ಅಂಗಿ, ತಲೆಗೆ ಟವೆಲು, ಕೈಯಲ್ಲಿ ಬೀಗದ ಕೈ. "ಈ ಮಳಿಗೆ ನಂದು. ಫಾರಿನ್ನಲ್ಲಿ ಯಾರೋ ಹೊಟ್ಟೆಕಿಚ್ಚಿನವನು ದಿನಾ ಗುಂಗುರನ ವಿಡಿಯೊ ನೋಡ್ತಿದ್ನಂತೆ. ಅವನ ಯಜಮಾನನೂ ನೋಡಿ ಮೆಚ್ಚಿದ್ದ. ಆ ಹೊಟ್ಟೆಕಿಚ್ಚಿನವನು ಕೆಲಸ ಬಿಟ್ಟದ್ದೇ ಯಜಮಾನ ಗುಂಗುರನ್ನ ಕರೆಸ್ಕೊಂಡ. ಊರಿಗೆ ಕ್ಷೌರಿಕನೇ ಇಲ್ಲ ಅಂತ ಒಬ್ಬನ್ನ ಹುಡುಕೋಕೆ ನಾನು ನಗರಕ್ಕೆ ಹೋಗಿದ್ದೆ."

"ಬಸ್ಸಲ್ಲೇ ಹೇಳಬಾರದಿತ್ತಾ ಯಜಮಾನ್ರೇ?"

"ಕೈ ನೋಡಿ ಹೇಳೋಣ ಅಂತಿದ್ದೆ. ನೋಡಿದೆ."

ಬೀಗವನ್ನು ಇನ್ನೊಮ್ಮೆ ಎಳೆದು ನೋಡಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೊರಟೇಹೋದರು. ಆಚೆ ಬೀದಿಯಲ್ಲಿ ಮೀನಿನಕ್ಕನ ಸುತ್ತ ಜನ ಸೇರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕ್ಷೌರಿಕ ತನ್ನ ಕುರ್ಚಿಯಲ್ಲಿ ತಾನೇ ಕುಸಿದು ಕೂತ. ಫೋನು ಗುಣುಗುಟ್ಟಿತು. ಗುಂಗುರನ ಹೊಸ ವಿಡಿಯೊ. ಸಮುದ್ರದಾಚೆ, ಇವನು ಏಳು ವರ್ಷ ನಿಂತ ಅದೇ ಕನ್ನಡಿಯ ಮುಂದೆ ನಿಂತು ಗುಂಗುರ ಹಲ್ಲು ಕಿರಿಯುತ್ತಿದ್ದ.

"ಇಲ್ಲಿ ಕುರ್ಚಿ ತಿರುಗೋದೇ ಇಲ್ಲ ಕಣ್ರೋ," ಎನ್ನುತ್ತಿದ್ದ. "ಆದ್ರೂ ನೋಡಿ, ಸಾಲು ಬಾಗಿಲಾಚೆ ಹೋಗಿದೆ!"